ತಪ್ಪು ಮಾಡದವರ ನಾಚಿಕೆ

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದಾಗಿನಿಂದ ನನ್ನ ಹೊಟ್ಟೆಯ ಎಡಭಾಗದಲ್ಲಿ ಸ್ಟೋಮಾ ಇದೆ. ಕರುಳಿನ ತುದಿಯನ್ನು ಹೊಟ್ಟೆಯಿಂದ ಹೊರಗೆ ತಂದು ಚರ್ಮಕ್ಕೆ ಹೊಲಿದಿರುತ್ತಾರೆ. ಅದರ ಮೇಲೆ ಒಂದು ಚೀಲ ಅಂಟಿಸಿಕೊಳ್ಳಬೇಕು. ಮಲ ಆ ಚೀಲದೊಳಗೆ ಬೀಳುತ್ತದೆ. ಸ್ಟೋಮಾವನ್ನು ಮುಟ್ಟಿದರೆ ನೋವಾಗುವುದಿಲ್ಲ, ಅಲ್ಲಿ ನೋವಿನ ನರಗಳಿಲ್ಲ. ತಡೆದು ಹಿಡಿಯುವ ಸ್ನಾಯುವೂ ಇಲ್ಲ. ಹಾಗಾಗಿ ಯಾವಾಗ ಬರುತ್ತದೆ, ಯಾವಾಗ ಸದ್ದು ಮಾಡುತ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಅಂಟು ಸ್ವಲ್ಪ ಬಿಟ್ಟರೂ ಸೋರುತ್ತದೆ.

ಇಷ್ಟು ಬಿಡಿಸಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾಚಿಕೆಯ ಬಗ್ಗೆ ಚರ್ಚ್‌ನಲ್ಲಿ ಮಾತಾಡುವಾಗ ನಾವು ಬೇಗ ಪಾಪದ ಕಡೆಗೆ ಹೋಗಿಬಿಡುತ್ತೇವೆ. ತಪ್ಪು ಮಾಡಿದವರು ನಾಚಿಕೊಳ್ಳುತ್ತಾರೆ, ಅರಿಕೆ ಮಾಡುತ್ತಾರೆ, ದೇವರು ಕ್ಷಮಿಸುತ್ತಾನೆ. ಆ ದಾರಿ ನಮಗೆ ಚೆನ್ನಾಗಿ ಗೊತ್ತು. ಆದರೆ ನಾನು ಏನನ್ನು ಅರಿಕೆ ಮಾಡಲಿ? ನನ್ನ ಕರುಳಿನಲ್ಲಿ ಗೆಡ್ಡೆ ಬೆಳೆಯಿತು, ಡಾಕ್ಟರು ತೆಗೆದರು, ಜೀವ ಉಳಿಯಿತು. ಇದರಲ್ಲಿ ಕ್ಷಮಿಸುವಂಥದ್ದು ಏನೂ ಇಲ್ಲ. ಆದರೂ ನಾಚಿಕೆ ಇತ್ತು. ಕನ್ನಡಿ ಮುಂದೆ ನಿಲ್ಲುವಾಗ, ಗಂಡನ ಪಕ್ಕ ಮಲಗುವಾಗ, ನಾಲ್ಕು ಜನರ ನಡುವೆ ಕೂರುವಾಗ, ಎಲ್ಲ ಕಡೆ ಇತ್ತು.

ಆಸ್ಪತ್ರೆಗೆ ನೋಡಲು ಬಂದ ಸಭೆಯವರು ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಕೆಲವರು ಸುಮ್ನೆ ಕೈ ಹಿಡಿದು ಕೂತರು. ಕೆಲವರು "ಎಲ್ಲಾ ದೇವರ ಚಿತ್ತ" ಅಂದರು. ಒಬ್ಬರು ಮಾತ್ರ ಹತ್ತಿರ ಬಗ್ಗಿ, "ಅರಿಕೆ ಮಾಡದೆ ಉಳಿದಿರೋದು ಏನಾದ್ರೂ ಇದ್ರೆ ಈಗಲೇ ದೇವರ ಮುಂದೆ ಹೇಳಿಬಿಡಿ ಸಿಸ್ಟರ್" ಅಂದರು. ಅವರು ಹೋದ ಮೇಲೆ ನಾನು ನಿಜವಾಗಿಯೂ ಹುಡುಕಿದೆ. ಔಷಧಿಯ ಮಂಪರಿನಲ್ಲಿ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡು, ಚಿಕ್ಕಂದಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡೆ. ಕಾಯಿಲೆಯವರಿಗೆ ಇಂಥ ಕೆಲಸ ಹಚ್ಚಬಾರದು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು "ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ" ಅಂತ ಕೇಳಿದಾಗ ಯೇಸು ಎರಡನ್ನೂ ಒಪ್ಪಲಿಲ್ಲ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಅದು ನೇರವಾಗಿ ಬರೆದಿದೆ. ಆದರೂ ಆ ಪ್ರಶ್ನೆ ಇನ್ನೂ ಆಸ್ಪತ್ರೆಯ ಹಾಸಿಗೆಗಳ ಪಕ್ಕ ಓಡಾಡುತ್ತಿದೆ.

ಆ ದಿನಗಳಲ್ಲಿ ನನಗೆ ಜಾಸ್ತಿ ಹತ್ತಿರವಾದದ್ದು ಯೋಬನ ಪುಸ್ತಕದ 19ನೇ ಅಧ್ಯಾಯ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬ ಅಂದ ತಕ್ಷಣ ನಮಗೆ ಅವನ ತಾಳ್ಮೆ ನೆನಪಾಗುತ್ತದೆ. ಇಲ್ಲಿ ಅವನು ಹೇಳಿಕೊಳ್ಳುವುದು ಬೇರೆ. ನನ್ನ ಉಸಿರು ನನ್ನ ಹೆಂಡತಿಗೆ ಅಸಹ್ಯವಾಗಿದೆ ಅನ್ನುತ್ತಾನೆ. ಚಿಕ್ಕ ಮಕ್ಕಳೂ ನನ್ನನ್ನು ಕಡೆಗಣಿಸುತ್ತಾರೆ, ನೆಂಟರು ದೂರವಾದರು, ಮನೆಯ ಆಳು ಕರೆದರೂ ಬರುವುದಿಲ್ಲ ಅನ್ನುತ್ತಾನೆ. ಮೈ ಬಗ್ಗೆ, ವಾಸನೆ ಬಗ್ಗೆ, ಜನ ಮುಖ ತಿರುಗಿಸುವ ಬಗ್ಗೆ ಸತ್ಯವೇದದಲ್ಲಿ ಒಬ್ಬ ಮನುಷ್ಯ ಬಾಯಿಬಿಟ್ಟು ಮಾತಾಡಿದ್ದಾನೆ! ಇದರ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿರಲಿಲ್ಲ. ಅವನ ಗೆಳೆಯ ಬಿಲ್ದದ, ಸತ್ತುಹೋದ ಮಕ್ಕಳೇ ಪಾಪ ಮಾಡಿದ್ದರು ಅನ್ನುವ ಹಾಗೆ ಮಾತಾಡುತ್ತಾನೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಗೆಳೆಯರ ಮೇಲೆ.

ನಾನು ಹೇಳಬೇಕಾದ ದಿನ ಒಂದು ಭಾನುವಾರ. ಆಪರೇಷನ್ ಆದ ಮೇಲೆ ಮೊದಲ ಸಲ ಆರಾಧನೆಗೆ ಹೋಗಿದ್ದೆ. ಸಡಿಲವಾದ ಬಟ್ಟೆ ಹಾಕಿದ್ದೆ, ಚೀಲ ಖಾಲಿ ಮಾಡಿಕೊಂಡು ಹೊರಟಿದ್ದೆ, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದೆ. ಹಾಡು ಮುಗಿದು ಪ್ರಾರ್ಥನಾ ಮನವಿಗಳ ಸಮಯ ಬಂತು. ಪಾಸ್ಟರ್ ಮೈಕ್ ಹಿಡಿದು ನನ್ನ ಹೆಸರು ಹೇಳಿದರು. ಇವತ್ತು ನಮ್ಮ ನಡುವೆ ಇದ್ದಾರೆ, ದೇವರಿಗೆ ಸ್ತೋತ್ರ ಅಂದರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕ್ಯಾನ್ಸರ್ ಅಂದರು. ಕರುಳು ಅಂದರು. "ಈಗ ಹೊಟ್ಟೆಯ ಮೇಲೆ ಚೀಲ ಇಟ್ಟುಕೊಂಡು ಬದುಕಬೇಕಾಗಿದೆ, ಆ ಭಾರವನ್ನು ಹೊರಲು ಕರ್ತನು ಬಲ ಕೊಡಲಿ" ಅಂದರು. ಎಲ್ಲರೂ ಆಮೆನ್ ಅಂದರು. ಕೆಲವರು ತಿರುಗಿ ನೋಡಿದರು. ಆ ಕಣ್ಣುಗಳಲ್ಲಿ ಕರುಣೆಯೇ ಇತ್ತು. ಆದರೆ ಅವು ನನ್ನ ಮುಖದ ಮೇಲೆ ನಿಲ್ಲದೆ ಹೊಟ್ಟೆಗೆ ಇಳಿದವು.

ಪ್ರಸಂಗದ ಮಧ್ಯೆ ಚೀಲ ಸೋರಿತು. ಮೊದಲು ಬಿಸಿ ಗೊತ್ತಾಯಿತು, ಆಮೇಲೆ ವಾಸನೆ. ಪಕ್ಕದ ಕುರ್ಚಿಯ ಮಗು ಅಮ್ಮನ ಕಿವಿಯಲ್ಲಿ ಏನೋ ಹೇಳಿತು. ನಾನು ಏಳಲಿಲ್ಲ. ಎದ್ದರೆ ಬಟ್ಟೆಯ ಕಲೆ ಕಾಣುತ್ತದೆ, ಕೂತರೆ ಹರಡುತ್ತದೆ. ಕೈ ಎರಡೂ ಹೊಟ್ಟೆಯ ಮೇಲಿಟ್ಟುಕೊಂಡು ಕೂತೆ. ಪ್ರಾರ್ಥನೆ ಮಾಡಿದೆ ಅಂತ ಹೇಳಲಾರೆ. ಮಾಯವಾಗಿಬಿಡಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ನಮ್ಮ ಸಭೆಯಲ್ಲಿ ಆಸ್ಪತ್ರೆ ಭೇಟಿಯ ಸೇವೆ ಮಾಡುವ ಒಬ್ಬ ಹಿರಿಯ ಅಕ್ಕ ಇದ್ದಾರೆ. ಹಿಂದಿನ ಸಾಲಿನಿಂದ ಎದ್ದು ಬಂದರು. ಏನಾಯಿತು ಅಂತ ಕೇಳಲಿಲ್ಲ. ತಮ್ಮ ಶಾಲು ತೆಗೆದು ನನ್ನ ಸೊಂಟಕ್ಕೆ ಸುತ್ತಿದರು. "ಬಾಮ್ಮ, ಹಿಂದಿನ ರೂಮಿಗೆ ಹೋಗೋಣ" ಅಂದರು. ನನ್ನ ಬೆನ್ನಿಗೆ ಒತ್ತಿಕೊಂಡ ಹಾಗೆ ನಡೆದರು, ಹಾಗಾಗಿ ಹಿಂದಿನಿಂದ ಯಾರಿಗೂ ಏನೂ ಕಾಣಲಿಲ್ಲ. ರೂಮಿನಲ್ಲಿ ಬಕೆಟ್‌ನಲ್ಲಿ ನೀರು ತಂದಿಟ್ಟರು. "ನಾನು ಒಳಗಿರಲಾ, ಬಾಗಿಲ ಹೊರಗೆ ನಿಲ್ಲಲಾ?" ಅಂತ ಕೇಳಿದರು. ಹೊರಗೆ ನಿಲ್ಲಿ ಅಂದೆ. ಸ್ವಲ್ಪ ಹೊತ್ತಿಗೆ ಕೈ ನಡುಗಿ ಹೊಸ ಚೀಲ ಅಂಟಿಸಲು ಆಗದೆ, "ಅಕ್ಕಾ" ಅಂತ ಕರೆದೆ. ಒಳಗೆ ಬಂದು ನೆಲದ ಮೇಲೆ ಕೂತು, ನಾನು ಹೇಳಿದ ಹಾಗೆ ಅಂಚನ್ನು ಒತ್ತಿ ಹಿಡಿದರು. ಮೂಗು ಮುಚ್ಚಲಿಲ್ಲ, ಮುಖ ಬಿಗಿ ಮಾಡಿಕೊಳ್ಳಲಿಲ್ಲ. ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಅದು ಒಳ್ಳೆಯದಾಯಿತು, ಯಾಕೆಂದರೆ ನನಗೆ ಅದು ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ.

"ಪ್ರಾರ್ಥನೆ ಮಾಡಿ ಅಕ್ಕ" ಅಂದೆ.

"ಮಾಡೋಣಮ್ಮ. ಮೊದಲು ಬಟ್ಟೆ ಬದಲಾಯಿಸಿಕೋ" ಅಂದರು. ತಮ್ಮ ಮನೆಗೆ ಫೋನ್ ಮಾಡಿ ಒಗೆದ ಬಟ್ಟೆ ತರಿಸಿದರು. ನನ್ನದನ್ನು ತಾವೇ ಹಿಂಡಿ ಕವರಿಗೆ ಹಾಕಿದರು.

ಆ ರಾತ್ರಿ ನಾನು ಆದಿಕಾಂಡದ 3ನೇ ಅಧ್ಯಾಯ ತೆಗೆದೆ. ಆದಾಮ ಮತ್ತು ಹವ್ವ ಮರಗಳ ಹಿಂದೆ ಅಡಗಿಕೊಳ್ಳುತ್ತಾರೆ. ಎಲೆ ಹೊಲಿದುಕೊಂಡು ಮೈ ಮುಚ್ಚಿಕೊಂಡಿರುತ್ತಾರೆ. ಅವರದ್ದು ತಪ್ಪು ಮಾಡಿದವರ ನಾಚಿಕೆ, ನನ್ನದು ಅಂಥದ್ದಲ್ಲ, ಅದು ಗೊತ್ತು. ಆದರೆ 21ನೇ ವಚನದ ಮುಂದೆ ತುಂಬ ಹೊತ್ತು ಕೂತೆ. ದೇವರು ಅವರಿಗೆ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದನು ಅಂತಿದೆ. ತೀರ್ಪು ಹೇಳಿ ಆಗಿದೆ, ತೋಟದಿಂದ ಹೊರಗೆ ಕಳಿಸುವುದು ಬಾಕಿ ಇದೆ. ಆ ನಡುವೆ ದೇವರು ಬಟ್ಟೆ ಮಾಡುತ್ತಾನೆ. ನಾಚಿಕೆಪಡಬೇಡಿ ಅಂತ ಬುದ್ಧಿ ಹೇಳುವುದಿಲ್ಲ. ಆ ಎಲೆಗಳಿಗಿಂತ ಗಟ್ಟಿಯಾದ ಹೊದಿಕೆ ಕೊಡುತ್ತಾನೆ. ತಪ್ಪು ಮಾಡಿದವರನ್ನೇ ಹೀಗೆ ಮುಚ್ಚಿದವನು ತಪ್ಪಿಲ್ಲದವರನ್ನು ಬಯಲಿಗೆ ತಳ್ಳುತ್ತಾನಾ?

ಆಮೇಲೆ ಶಿಲುಬೆ. ರೋಮನ್ನರು ಸಾಮಾನ್ಯವಾಗಿ ಬಟ್ಟೆ ಬಿಚ್ಚಿಯೇ ಶಿಲುಬೆಗೆ ಹಾಕುತ್ತಿದ್ದರು. ಗುಲಾಮರಿಗೆ, ದಂಗೆ ಎದ್ದವರಿಗೆ ಕೊಡುತ್ತಿದ್ದ ಶಿಕ್ಷೆ ಅದು. ಕೊಲ್ಲುವುದಷ್ಟೇ ಅವರಿಗೆ ಸಾಕಾಗಿರಲಿಲ್ಲ, ಜನ ಓಡಾಡುವ ಕಡೆ ಎಲ್ಲರ ಕಣ್ಣ ಮುಂದೆ ಮಾನ ಕಳೆದು ಕೊಲ್ಲಬೇಕಿತ್ತು. ಸೈನಿಕರು ಯೇಸುವಿನ ಬಟ್ಟೆ ಹಂಚಿಕೊಂಡರು, ಹೊಲಿಗೆ ಇಲ್ಲದ ಅಂಗಿಗೆ ಚೀಟಿ ಹಾಕಿದರು ಅಂತ ಯೋಹಾನ ಬರೆಯುತ್ತಾನೆ. ನಮ್ಮ ಚಿತ್ರಗಳಲ್ಲಿ ಸೊಂಟಕ್ಕೆ ಒಂದು ತುಂಡು ಬಟ್ಟೆ ಇರುತ್ತದೆ. ಚಿತ್ರಕಾರರು ಗೌರವದಿಂದ ಹಾಕಿದ್ದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಬಟ್ಟೆಯಿಂದಾಗಿ ನಾವು ಒಂದನ್ನು ಮರೆತಿದ್ದೇವೆ. ಅವನ ಗಾಯದ ಬಗ್ಗೆ, ರಕ್ತದ ಬಗ್ಗೆ ಎಷ್ಟೋ ಹಾಡುತ್ತೇವೆ. ಅವನ ನಾಚಿಕೆಯ ಬಗ್ಗೆ ಹಾಡುವುದು ಕಡಿಮೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಮಾತ್ರ ಅದು ಸ್ಪಷ್ಟವಾಗಿದೆ: ಅವಮಾನವನ್ನು ಅಲಕ್ಷ್ಯ ಮಾಡಿ ಶಿಲುಬೆಯನ್ನು ಸಹಿಸಿಕೊಂಡನು. ಅವನು ಊರ ಬಾಗಿಲ ಹೊರಗೆ ಬಾಧೆಪಟ್ಟನು ಅಂತ ಅದೇ ಪತ್ರಿಕೆ ಹೇಳುತ್ತದೆ. ಮೈ ತನ್ನ ಹಿಡಿತ ತಪ್ಪಿದಾಗ, ಜನ ನೋಡುತ್ತಿರುವಾಗ, ಮುಚ್ಚಿಕೊಳ್ಳಲು ಕೈ ಬಿಡುವಿಲ್ಲದಾಗ ಏನಾಗುತ್ತದೆ ಅಂತ ದೇವರ ಮಗನಿಗೆ ಗೊತ್ತು. ನನ್ನ ನಂಬಿಕೆ ಈಗ ನಿಂತಿರುವುದು ಅಲ್ಲಿ.

ಮುಂದಿನ ವಾರ ಪಾಸ್ಟರ್ ಮನೆಗೆ ಬಂದರು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಸಿಸ್ಟರ್, ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಅಂತ ಪೌಲ ಗಲಾತ್ಯದವರಿಗೆ ಬರೆದಿದ್ದಾನೆ. ಗೊತ್ತಿಲ್ಲದ ಭಾರವನ್ನು ಸಭೆ ಹೇಗೆ ಹೊರುತ್ತೆ?" ಅಂತ ಕೇಳಿದರು. ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಸಭೆ ಅಂದರೆ ಒಬ್ಬರಿಗೊಬ್ಬರು ಗೊತ್ತಿರಬೇಕು, ಅಲ್ವಾ?

ಆದರೆ ನಾನು ಇನ್ನೊಂದನ್ನು ಕೇಳಿದೆ. ಕ್ಯಾಥೊಲಿಕ್ ಸಭೆಯ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳಬಾರದು ಅನ್ನುವ ನಿಯಮ ಬಹಳ ಹಳೆಯದು. 1215ರಲ್ಲಿ ರೋಮ್‌ನಲ್ಲಿ ಸೇರಿದ ಬಿಷಪ್‌ಗಳ ನಾಲ್ಕನೇ ಲ್ಯಾಟರನ್ ಮಹಾಸಭೆ ಅದನ್ನು ಕಟ್ಟುನಿಟ್ಟಾಗಿ ಬರೆಯಿತು. ಹೊರಗೆ ಹೇಳಿದ ಗುರುವನ್ನು ಪದವಿಯಿಂದ ಇಳಿಸಿ, ಜೀವನಪೂರ್ತಿ ಪ್ರಾಯಶ್ಚಿತ್ತಕ್ಕೆ ಮಠದಲ್ಲಿ ಇಡಬೇಕು ಅಂದಿತು. ನಮ್ಮದು ಕ್ಯಾಥೊಲಿಕ್ ಸಭೆಯಲ್ಲ, ಆದರೂ ಒಬ್ಬರು ಕಣ್ಣೀರಿಟ್ಟು ಹೇಳಿಕೊಂಡ ಪಾಪವನ್ನು ನಮ್ಮ ಪಾಸ್ಟರ್ ಎಂದೂ ಮೈಕ್‌ನಲ್ಲಿ ಹೇಳುವುದಿಲ್ಲ. ಹಾಗಾದರೆ ನಾನು ಕಳ್ಳತನ ಮಾಡಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕ್ಯಾನ್ಸರ್ ಬಂದಿದ್ದಕ್ಕೆ ನನ್ನ ಕರುಳಿನ ವಿಷಯ ಇಡೀ ಸಭೆಗೆ ಸೇರಿದ್ದಾಯಿತು. ಪಾಪಕ್ಕಿರುವ ಗುಟ್ಟು ಕಾಯಿಲೆಗೆ ಯಾಕಿಲ್ಲ?

ಪಾಸ್ಟರ್ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ರಕ್ತಸ್ರಾವದ ಹೆಂಗಸಿನ ಕಥೆ ಎತ್ತಿದರು. ಯೇಸುವೇ ಅವಳನ್ನು ಗುಂಪಿನ ನಡುವೆ ಕರೆದು ಮಾತಾಡಿಸಿದನಲ್ಲ ಅಂದರು. ನನಗೂ ಆ ಕಥೆ ಕಷ್ಟವೇ. ಹನ್ನೆರಡು ವರ್ಷದ ಕಾಯಿಲೆ. ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದಿದ್ದಾಳೆ. ಯಾಜಕಕಾಂಡದ ಪ್ರಕಾರ ಅವಳು ಕೂತ ಜಾಗ, ಮಲಗಿದ ಹಾಸಿಗೆ ಎಲ್ಲ ಮೈಲಿಗೆ. ಅದಕ್ಕೇ ಹಿಂದಿನಿಂದ ಬಂದು ಯೇಸುವಿನ ಬಟ್ಟೆಯನ್ನಷ್ಟೇ ಮುಟ್ಟುತ್ತಾಳೆ. ಗುಟ್ಟಾಗಿ ವಾಸಿಯಾಗಿ ಗುಟ್ಟಾಗಿ ಹೋಗಬೇಕು ಅಂದುಕೊಂಡವಳನ್ನು "ಯಾರು ಮುಟ್ಟಿದ್ದು" ಅಂತ ಯಾಕೆ ನಿಲ್ಲಿಸಬೇಕು?

ಮಾರ್ಕನ 5ನೇ ಅಧ್ಯಾಯವನ್ನು ನಾವಿಬ್ಬರೂ ಸೇರಿ ಓದಿದೆವು. ಯೇಸು ಅವಳ ಕಾಯಿಲೆಯ ಹೆಸರು ಹೇಳುವುದಿಲ್ಲ. ಮುಟ್ಟಿದ್ದು ಯಾರು ಅಂತ ಕೇಳಿ, ಸುತ್ತ ನೋಡಿ, ನಿಲ್ಲುತ್ತಾನೆ. ನಡುಗುತ್ತಾ ಮುಂದೆ ಬಂದು ನಡೆದದ್ದನ್ನೆಲ್ಲ ಹೇಳುವುದು ಅವಳೇ. ಆಗ ಅವನು "ಮಗಳೇ" ಅನ್ನುತ್ತಾನೆ. ಎಲ್ಲರೂ ದೂರ ಇಟ್ಟಿದ್ದವಳಿಗೆ ಎಲ್ಲರ ಮುಂದೆ ಸಿಕ್ಕಿದ್ದು ಆ ಕರೆ. ಮೈ ವಾಸಿಯಾಗಿದೆ ಅಂತ ಊರಿಗೆ ಗೊತ್ತಾಗದಿದ್ದರೆ ಅವಳು ಮತ್ತೆ ಅಡಗಿಕೊಂಡೇ ಇರಬೇಕಿತ್ತು. ಹಾಗಾಗಿ ನನಗೆ ಆ ನಿಲ್ಲಿಸುವಿಕೆ ಈಗ ಸ್ವಲ್ಪ ಅರ್ಥವಾಗುತ್ತದೆ. ಆದರೆ ಕಥೆ ಅವಳದ್ದು, ಬಾಯಿಯೂ ಅವಳದ್ದೇ. "ಇದನ್ನೇ ನಾನು ಕೇಳ್ತಿರೋದು ಪಾಸ್ಟರ್" ಅಂದೆ.

ಸಾಕ್ಷಿ ಹೇಳುವ, ಅಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ಹೇಳಿಕೊಳ್ಳುವ ವಿಷಯವೂ ಬಂತು. ನೀವೇ ಒಂದು ಭಾನುವಾರ ನಿಂತು ಹೇಳಿ ಅಂದರು. ಬೇಡ ಅಂದೆ. ನಮ್ಮಲ್ಲಿ ಸಾಕ್ಷಿ ಅಂದರೆ ಕೊನೆಗೆ ಎಲ್ಲ ಸರಿಹೋಗಿರಬೇಕು. ನನ್ನ ಸ್ಟೋಮಾ ಜೀವನಪೂರ್ತಿ ಇರುವಂಥದ್ದು.

ಅಕ್ಕನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವರು ಆಂಟನ್ ಬಾಯ್ಸೆನ್ ಬಗ್ಗೆ ಹೇಳಿದರು. ಅಕ್ಕ ತರಬೇತಿಯಲ್ಲಿ ಓದಿದ್ದಂತೆ. ಅಮೆರಿಕದ ಪಾಸ್ಟರ್ ಅವರು. 1920ರಲ್ಲಿ ಮನಸ್ಸಿನ ಕಾಯಿಲೆಯಿಂದ ಸ್ವತಃ ಆಸ್ಪತ್ರೆ ಸೇರಿದ್ದರು. ಗುಣವಾದ ಮೇಲೆ ವೂಸ್ಟರ್‌ನ ಮಾನಸಿಕ ಆಸ್ಪತ್ರೆಯಲ್ಲಿ ಚಾಪ್ಲಿನ್, ಅಂದರೆ ರೋಗಿಗಳನ್ನು ನೋಡಿಕೊಳ್ಳುವ ಆಸ್ಪತ್ರೆಯ ಪಾಸ್ಟರ್ ಆದರು. 1925ರಲ್ಲಿ ದೇವಶಾಸ್ತ್ರ ಓದುವ ವಿದ್ಯಾರ್ಥಿಗಳನ್ನು ಅಲ್ಲಿಗೇ ಕರೆಸಿ ರೋಗಿಗಳ ನಡುವೆ ಕೆಲಸ ಕಲಿಸಿದರು. ಪುಸ್ತಕಗಳನ್ನು ಓದುವಷ್ಟೇ ಶ್ರದ್ಧೆಯಿಂದ ಈ ಮನುಷ್ಯರನ್ನೂ ಓದಬೇಕು ಅನ್ನುವುದು ಅವರ ಮಾತಿನ ತಿರುಳು. ಆಸ್ಪತ್ರೆಯ ಪಾಲನಾ ಸೇವೆಯ ತರಬೇತಿ ಬೆಳೆದದ್ದು ಅಂಥ ಕೆಲಸದಿಂದ. "ನಾವು ಹೋಗಿದ್ದು ಕಲಿಸೋಕಲ್ಲಮ್ಮ, ಓದೋಕೆ" ಅಂದರು ಅಕ್ಕ.

ಈಗ ನಮ್ಮ ಸಭೆಯಲ್ಲಿ ಪ್ರಾರ್ಥನೆಗೆ ಹೆಸರು ಹೇಳುವ ಮುಂಚೆ ಕೇಳುತ್ತಾರೆ. ಹೆಸರು ಹೇಳಬಹುದಾ, ಕಾಯಿಲೆ ಹೇಳಬಹುದಾ ಅಂತ ಎರಡನ್ನೂ ಬೇರೆ ಬೇರೆಯಾಗಿ. ಏನೆಂದು ಗೊತ್ತಿಲ್ಲದೆ ಹೇಗೆ ಪ್ರಾರ್ಥಿಸುವುದು ಅಂತ ಕೆಲವರಿಗೆ ಬೇಸರವಿದೆ. ಪಾಸ್ಟರ್‌ಗೂ ಪೂರ್ತಿ ಸಮಾಧಾನವಿಲ್ಲ, ನನಗೆ ಗೊತ್ತು. ಆದರೂ ಅವರು ಒಂದು ದಿನ, "ಸರಿ, ನಿಮಗೆ ಇಲ್ಲಿ ಏನು ಬೇಕು ಹೇಳಿ" ಅಂತ ಕೇಳಿದರು. ಚರ್ಚ್‌ನ ಬಾತ್‌ರೂಮಿಗೆ ಒಳಗಿನಿಂದ ಸರಿಯಾಗಿ ಹಾಕಿಕೊಳ್ಳುವ ಚಿಲಕ, ಬಟ್ಟೆ ತೂಗುಹಾಕಲು ಕೊಕ್ಕೆ, ಸಾಮಾನು ಇಡಲು ಸಣ್ಣ ಶೆಲ್ಫ್, ಹೊಟ್ಟೆಯ ಮಟ್ಟಕ್ಕೆ ಒಂದು ಕನ್ನಡಿ, ಮುಚ್ಚಳ ಇರುವ ಕಸದ ಡಬ್ಬಿ ಅಂದೆ. ಬರೆದುಕೊಂಡರು. ಎಲ್ಲ ಬಂತು. ಅಕ್ಕ ಒಂದಷ್ಟು ಒಗೆದ ಬಟ್ಟೆ ತಂದಿಟ್ಟರು. ಮೂತ್ರದ ನಳಿಕೆ ಹಾಕಿಕೊಂಡಿರುವ ಒಬ್ಬ ಹಿರಿಯರು ಎಷ್ಟೋ ಕಾಲದ ಮೇಲೆ ಆರಾಧನೆಗೆ ಬರಲು ಶುರು ಮಾಡಿದ್ದಾರೆ. ಬಾತ್‌ರೂಮಿನ ಆ ಕಸದ ಡಬ್ಬಿ ಖಾಲಿ ಮಾಡಿ ತೊಳೆಯುವ ಕೆಲಸವನ್ನು ಅಕ್ಕ ಮತ್ತು ನಾನು ಸರದಿಯಲ್ಲಿ ಮಾಡುತ್ತಿದ್ದೆವು. ಹೋದ ತಿಂಗಳು ಪಾಸ್ಟರ್ ಸರದಿಯ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಬರೆದರು.