ಪಿಕಪ್ಪಿನ ಹಿಂದಿನ ಆಕ್ಸಲ್ ನಾಲ್ಕು ಇಂಚು ಕತ್ತರಿಸಿದೆವು

ತಪ್ಪು ನನ್ನದೇ. ಹೈದರಾಬಾದಿನಲ್ಲಿ ಸೋವಿಗೆ ಸಿಕ್ಕಿತು ಅಂತ ಎರಡು ಅಗಲದ ಚಕ್ರ ಹೊತ್ತು ತಂದೆ. 8 ಇಂಚಿನ ರಿಮ್, ಮೇಲೆ 31×10.5 ಆರ್ 15 ಟೈರು, ರಬ್ಬರ್ ಇನ್ನೂ ಮುಕ್ಕಾಲು ಇತ್ತು. ಬೋಲ್ಟಿನ ತೂತು ನಮ್ಮ ಹಳೇ ಪಿಕಪ್ಪಿಗೆ ಸರಿಯಾಗಿ ಕೂತವು. ಆದರೆ ಮೊದಲು ಬಾಡಿಗಿಂತ ಒಂದು ಇಂಚು ಒಳಗೆ ಇರುತ್ತಿದ್ದ ಟೈರು ಈಗ ಎರಡು ಇಂಚು ಹೊರಗೆ ಬಂದಿತ್ತು. ನೋಡೋಕೆ ಗತ್ತಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಎಂಟು ಚೀಲ ತೊಗರಿ ಹೇರಿದ ಕೂಡಲೇ ಗತ್ತು ಇಳಿಯಿತು: ಸ್ಪ್ರಿಂಗ್ ಕುಗ್ಗಿ, ತಗಡಿನ ಅಂಚು ಟೈರಿನ ಮೇಲೆ ಕೂತು, ಬದುವಿನ ತನಕ ಹೋಗುವಷ್ಟರಲ್ಲಿ ರಬ್ಬರ್ ಸುಲಿದು ಹಾಕಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಾಡಿ ಜೇವರ್ಗಿ ಕಡೆಯ ನಮ್ಮ ಹೊಲ ಬಿಟ್ಟು ಆಚೆ ಹೋಗುವುದಿಲ್ಲ, ಕಲಬುರಗಿಯ ವರ್ಕ್‌ಶಾಪಿಗೂ ಟ್ರಾಲಿಯಲ್ಲೇ ಬಂತು. ಚಕ್ರ ಒಳಗೆ ತರೋಕೆ ನಾವು ಆಕ್ಸಲ್, ಅಂದರೆ ಎರಡು ಹಿಂದಿನ ಚಕ್ರದ ನಡುವಿನ ಅಡ್ಡ ಪೈಪನ್ನೇ, ಗಿಡ್ಡ ಮಾಡಿದೆವು. ರಸ್ತೆಯ ಮೇಲೆ ಓಡಿಸುವ ಗಾಡಿಗೆ ಇದನ್ನು ಮಾಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಅಡ್ಡ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಕೊಟ್ಟ ಅಳತೆ ಬದಲಿಸುವಂತಿಲ್ಲ ಅಂತ ಹೇಳಿದೆ. ಏನಾದರೂ ಆದರೆ ಇನ್ಶೂರೆನ್ಸ್ ಕೇಳೋಕೂ ಮುಖ ಇರುವುದಿಲ್ಲ.

ಹುಮನಾಬಾದ್ ರಸ್ತೆ ಕಡೆಯ ಉಸ್ತಾದ್ ಗಾಡಿ ಸುತ್ತ ಒಂದು ಸುತ್ತು ಹಾಕಿ ನಕ್ಕರು. "ತಮ್ಮಾ, ಮೂಗಿಗಿಂತ ಮೂಗುತಿ ಭಾರ ಆತು. ಚಕ್ರ ಮಾರಿಬಿಡು." ನಾನು ಕೇಳಲಿಲ್ಲ. ಸರಿ, ಹಾಗಾದರೆ ಮೊದಲು ಅಳತೆ ಅಂದರು.

ಅಳತೆಯೇ ಅರ್ಧ ದಿನ ತಿಂದಿತು. ನಾನು ಅಂದುಕೊಂಡಿದ್ದು ಟೈರು ಎಷ್ಟು ಅಗಲ ಆಯಿತೋ ಅಷ್ಟು ಪೈಪ್ ಕತ್ತರಿಸಿದರೆ ಮುಗೀತು ಅಂತ. ಹಾಗಲ್ಲ. ರಿಮ್ಮನ್ನು ಬೋರಲು ಹಾಕಿ, ಹಿಂದಿನ ಅಂಚಿಗೆ ಒಂದು ಪಟ್ಟಿ ಅಡ್ಡ ಇಟ್ಟು, ಅಲ್ಲಿಂದ ಬೋಲ್ಟ್ ಕೂರುವ ಮುಖದ ತನಕ ಅಳೆಯಬೇಕು. ಹಳೇ ರಿಮ್ಮಿಗೆ ಅದು ನಾಲ್ಕೂವರೆ ಇಂಚು, ಹೊಸದಕ್ಕೆ ಮೂರೂವರೆ. ಅಂದರೆ ಹೊಸ ಚಕ್ರ ಒಳಗೆ ಕಡಿಮೆ, ಹೊರಗೆ ಜಾಸ್ತಿ. ಇನ್ನೊಂದು, 8 ಇಂಚಿನ ರಿಮ್ ಅಂದರೆ ಟೈರು ಕೂರುವ ಜಾಗ 8 ಇಂಚು. ಅಂಚಿಂದ ಅಂಚಿಗೆ ಹಿಡಿದರೆ ಸುಮಾರು 9 ಬರುತ್ತದೆ. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ ಟೇಪ್ ಹಿಡಿದು ನಿಂತರೆ ಮೋಸ ಹೋದೆ ಅಂತಲೇ ಅನ್ನಿಸುತ್ತದೆ.

ಎಲ್ಲಾ ಕೂಡಿ ಕಳೆದು ನೋಡಿದಾಗ ಲೆಕ್ಕ ಹೀಗೆ ಬಂತು. ಒಂದೊಂದು ಬದಿಗೆ ಎರಡು ಇಂಚು ಒಳಗೆ ತಂದರೆ ಟೈರು ಬಾಡಿ ಅಂಚಿಗೆ ಸಮ ಆಗುತ್ತದೆ, ಆದರೆ ಒಳಗೆ ಸ್ಪ್ರಿಂಗಿಗೂ ಟೈರಿಗೂ ನಡುವೆ ಹಳೇ ಚಕ್ರ ಇದ್ದಾಗ ಇದ್ದ ಮೂರು ಇಂಚು ಸಂದು ಎರಡಕ್ಕೆ ಇಳಿಯುತ್ತದೆ.

ಎರಡೂ ಬದಿ ಕತ್ತರಿಸಿದರೆ ಪೈಪಿನೊಳಗೆ ಚಕ್ರ ತಿರುಗಿಸುವ ಎರಡು ಶಾಫ್ಟನ್ನೂ ಗಿಡ್ಡ ಮಾಡಿ, ಅವುಗಳ ಒಳತುದಿಯ ಹಲ್ಲು ಹೊಸದಾಗಿ ಕೊರೆಸಬೇಕು. ಅದು ಎಲ್ಲರ ಲೇತಿನ ಕೆಲಸ ಅಲ್ಲ. ಶಾಫ್ಟಿನ ಮೇಲ್ಮೈ ಹದ ಕೊಟ್ಟು ಗಟ್ಟಿ ಮಾಡಿರುತ್ತದೆ, ಹಲ್ಲಿನ ಹಿಂದೆ ಎಷ್ಟೋ ಶಾಫ್ಟುಗಳು ಸಣ್ಣ ಆಗುತ್ತವೆ, ಗಿಡ್ಡ ಮಾಡಿದರೆ ಹಲ್ಲು ಕೊರೆಯೋಕೆ ಮೈಯೇ ಉಳಿಯುವುದಿಲ್ಲ. ನಡುವೆ ಕತ್ತರಿಸಿ ವೆಲ್ಡಿಂಗ್ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ, ಅವರ ಅಂಗಡಿಯಿಂದ ಎದ್ದು ಬನ್ನಿ. ನಮ್ಮಂಥ ಗಾಡಿಯಲ್ಲಿ ಭಾರವೂ ಅದೇ ಶಾಫ್ಟಿನ ಮೇಲೆ, ಅದು ಮುರಿದರೆ ಚಕ್ರವೇ ಆಚೆ ಬರುತ್ತದೆ. ದೊಡ್ಡ ಲಾರಿಯಲ್ಲಿ ಭಾರ ಹೊರುವುದು ಹೌಸಿಂಗ್ (ಹೊರಗಿನ ಪೈಪ್), ಶಾಫ್ಟು ತಿರುಗಿಸುತ್ತದೆ ಅಷ್ಟೇ.

ಉಸ್ತಾದ್ ಬೇರೆ ದಾರಿ ಹುಡುಕಿದರು. ನಮ್ಮ ಆಕ್ಸಲಿನಲ್ಲಿ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡೂ ಶಾಫ್ಟಿಗೆ ಹಂಚುವ ಗೇರಿನ ಗುಂಡು) ನಡು ಮಧ್ಯೆ ಇಲ್ಲ, ಒಂದು ಶಾಫ್ಟು ಇನ್ನೊಂದಕ್ಕಿಂತ ನಾಲ್ಕು ಇಂಚು ಉದ್ದ. "ಉದ್ದಂದು ಬಿಸಾಕು, ಗುಜರಿ ಒಳಗ ಇನ್ನೊಂದು ಗಿಡ್ಡಂದು ತಗೊಂಡ ಬಾ." ಉದ್ದದ ಬದಿಯಲ್ಲಿ ಮಾತ್ರ ನಾಲ್ಕು ಇಂಚು ಪೈಪ್ ಕತ್ತರಿಸುವುದು, ಎರಡೂ ಕಡೆ ಗಿಡ್ಡ ಶಾಫ್ಟೇ ಹಾಕುವುದು. ಇದಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಇದಕ್ಕೂ ಬಾಲ ಇದೆ. ಗಾಡಿ ನಡುವಿಗೆ ಹೊಂದಿಸಿದಾಗ ಡಿಫರೆನ್ಷಿಯಲ್ ಎರಡು ಇಂಚು ಪಕ್ಕಕ್ಕೆ ಸರಿಯುತ್ತದೆ, ಗೇರ್‌ಬಾಕ್ಸಿನಿಂದ ಅದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟು ಅಷ್ಟು ಓರೆ ಓಡುತ್ತದೆ (ಅದರ ತುದಿಯ ಕೀಲು, ಕ್ರಾಸ್, ತಡೆದುಕೊಂಡಿತು), ಮತ್ತೆ ಸ್ಪ್ರಿಂಗ್ ಕೂರುವ ಎರಡೂ ಪೀಠ ಕಿತ್ತು ಎರಡೆರಡು ಇಂಚು ಹೊರಗೆ ಬೆಸೆಯಬೇಕು. ಪಿನಿಯನ್ ಮೂಗು, ಅಂದರೆ ಡಿಫರೆನ್ಷಿಯಲಿಗೆ ಪ್ರೊಪೆಲ್ಲರ್ ಶಾಫ್ಟು ಸೇರುವ ತುದಿ, ಎಷ್ಟು ಮೇಲೆ ನೋಡುತ್ತಿತ್ತು ಅನ್ನುವುದನ್ನು ಕಟ್ ಮಾಡುವ ಮುಂಚೆಯೇ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಗಾಡಿ ಪೂರಾ ನಡುಗುತ್ತದೆ.

ಪೈಪ್ ಕತ್ತರಿಸಿದ್ದು ಹತ್ತು ನಿಮಿಷ. ನೆಟ್ಟಗೆ ಜೋಡಿಸಿದ್ದು ಎರಡು ಸಂಜೆ. ಮೇ ತಿಂಗಳು, ಹಗಲು ಶೆಡ್ಡಿನ ಶಹಾಬಾದ್ ಕಲ್ಲಿನ ಮೇಲೆ ಕಾಲು ಇಡೋಕಾಗಲ್ಲ, ಅದಕ್ಕೇ ಸಂಜೆ. ಡಿಫರೆನ್ಷಿಯಲ್ ಬೇರಿಂಗ್ ಕೂರುವ ಜಾಗಕ್ಕೆ ಎರಡು, ಪೈಪಿನ ತುದಿಗೆ ಎರಡು, ನಡುವೆ ತೂತಿರುವ ಬಿಲ್ಲೆಗಳನ್ನು ಲೇತಿನಲ್ಲಿ ಮಾಡಿಸಿದ್ದರು. ಅವುಗಳೊಳಗೆ ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಸಲಾಕೆ. ಸಲಾಕೆ ಕೈಯಿಂದ ಸಲೀಸಾಗಿ ತಿರುಗಿದರೆ ಪೈಪ್ ನೆಟ್ಟಗಿದೆ ಅಂತ ಅರ್ಥ. ಒಣಗಿಸಿಟ್ಟ 7018 ವೆಲ್ಡಿಂಗ್ ರಾಡಿನಿಂದ ಮೇಲೊಂದು ಚುಕ್ಕೆ, ಕೆಳಗೊಂದು, ಎಡಕ್ಕೆ, ಬಲಕ್ಕೆ. ಪ್ರತಿ ಸಲ ನಿಲ್ಲಿಸಿ ಸಲಾಕೆ ತಿರುಗಿಸುವುದು. ಹುಡುಗನೊಬ್ಬ ಆತುರಕ್ಕೆ ಒಂದೇ ಬದಿಯಲ್ಲಿ ಮೂರು ಇಂಚು ಎಳೆದುಬಿಟ್ಟ. ಆರುತ್ತಿದ್ದ ಹಾಗೆ ಸಲಾಕೆ ಬಿಗಿಯಿತು. ಉಸ್ತಾದ್ ಬೈಯಲಿಲ್ಲ, ಗ್ಯಾಸ್ ಟಾರ್ಚ್ ಹಚ್ಚಿ ಎದುರು ಬದಿಯಲ್ಲಿ ಬೆರಳಗಲದ ಗೆರೆ ಕೆಂಪಗೆ ಕಾಯಿಸಿ, ಸುಮ್ನೆ ಚಾ ಕುಡಿಯುತ್ತಾ ಕೂತರು. ಅದು ಆರುತ್ತಾ ಆ ಕಡೆಗೆ ಎಳೆದುಕೊಂಡಿತು. ಎರಡು ಬೆರಳಲ್ಲಿ ಹಿಡಿದು ತಿರುವಿದೆ, ಸಲಾಕೆ ತಿರುಗಿತು.

ಆಮೇಲಿನವು ಚಿಲ್ಲರೆ ಕೆಲಸ. ಬ್ರೇಕ್ ಪೈಪ್ ಹೊಸದು, ಹ್ಯಾಂಡ್ ಬ್ರೇಕ್ ಕೇಬಲ್ ಗಿಡ್ಡ ಮಾಡಿದ್ದು, ಬಾಡಿ ಅಂಚು ಒಳಗೆ ಮಡಚಿ ಬಡಿದದ್ದು.

ಈಗ ಟೈರಿನ ನಡುಗೆರೆ ಮೊದಲು ಎಲ್ಲಿತ್ತೋ ಹೆಚ್ಚು ಕಡಿಮೆ ಅಲ್ಲೇ ಇದೆ. ಬೇರಿಂಗ್ ಮಾತ್ರ ಎರಡು ಇಂಚು ಒಳಗೆ ಹೋಯಿತು, ಹಾಗಾಗಿ ಅದರ ಮೇಲೆ ತೂಗುವ ಭಾರ ಜಾಸ್ತಿ. ಅದು ಬೇಗ ಸವೆಯುತ್ತದೆ ಅಂತ ಉಸ್ತಾದ್ ಮೊದಲೇ ಹೇಳಿದ್ದಾರೆ. ಮುಂದಿನ ಚಕ್ರ ಹಳೇವೇ, ಸ್ಟೆಪ್ನಿ ಹಿಂದಕ್ಕೆ ಆಗಲ್ಲ. ಒಣ ನೆಲದಲ್ಲಿ, ಉತ್ತ ಹೆಂಟೆಯ ಮೇಲೆ ಗಾಡಿ ಚೆನ್ನಾಗಿ ಹೋಗುತ್ತದೆ. ಮಳೆ ಬಿದ್ದ ಎರಿ ಹೊಲದಲ್ಲಿ ಬೇರೆ ಕತೆ. ಆ ಎರಡು ಇಂಚು ಸಂದಿನಲ್ಲಿ ಮಣ್ಣು ಮೆತ್ತಿ ಮೆತ್ತಿ ಗಾರೆ ಹಾಕಿದ ಹಾಗೆ ಆಗಿ, ಮೊನ್ನೆ ಚಕ್ರವೇ ನಿಂತಿತು. ಕಳೆ ತೆಗೆಯುವ ಕುರ್ಚಿಗಿ ಹಿಡಿದು ಕೆರೆದು ತೆಗೆಯೋಕೆ ಮುಕ್ಕಾಲು ಗಂಟೆ ಬೇಕಾಯಿತು, ಅಪ್ಪ ಬದುವಿನ ಮೇಲೆ ಕೂತು ಎತ್ತಿನ ಗಾಡಿಯ ಚಕ್ರ ಎಷ್ಟು ಅಗಲ ಇರ್ತಿತ್ತು ಹೇಳು ಅಂತ ಕೇಳುತ್ತಲೇ ಇದ್ದರು.