ನೋಟುಬುಕ್ಕಿನ ಹನ್ನೆರಡನೆಯ ದಿನ

ಗಂಗಾವತಿ, 18 ನವೆಂಬರ್ 2024, ಸೋಮವಾರ, ರಾತ್ರಿ

ಇವರ ರಕ್ತದಲ್ಲಿ ಸಕ್ಕರೆ ಅಂಚಿಗೆ ಬಂದಿದೆಯೆಂದು ಡಾಕ್ಟರು ಹೇಳಿದ ಸಂಜೆಯಿಂದ, ಮನೆಯ ಐದೂ ಮಂದಿ ಯಾವ ಹೊತ್ತಿಗೆ ಏನು ತಿಂದೆವೆಂಬುದನ್ನು, ಚಹಾದ ಜೊತೆ ಬಾಯಿಗೆ ಹಾಕಿಕೊಂಡ ಖಾರವನ್ನೂ ಬಿಡದೆ, ಬರೆದಿಡುತ್ತಿದ್ದೇನೆ. ಸಣ್ಣವನು ತನ್ನ ಸಾಲನ್ನು ತಾನೇ ಬರೆಯುತ್ತಾನೆ; ‘ಚಿಪ್ಸು’ ಎಂಬುದನ್ನು ಮಾತ್ರ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ.

ನಮ್ಮದು ರೊಟ್ಟಿ ಉಣ್ಣುವ ಮನೆಯೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಇಂದು ಎಣಿಸಿ ನೋಡಿದರೆ ಹನ್ನೆರಡು ದಿನಗಳಲ್ಲಿ ರೊಟ್ಟಿ ಬಡಿದದ್ದು ನಾಲ್ಕೇ ದಿನ. ಏಳು ದಿನ ಮೂರೂ ಹೊತ್ತು ಅಕ್ಕಿ: ಬೆಳಿಗ್ಗೆ ಚಿತ್ರಾನ್ನ ಇಲ್ಲವೆ ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಉಳಿದ ಅನ್ನಕ್ಕೆ ಮೊಸರು. ಮಂಡಕ್ಕಿಯೂ ಅಕ್ಕಿಯೇ ಎಂಬುದು ಬರೆದ ಮೇಲಷ್ಟೇ ಹೊಳೆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಈ ವರ್ಷ ಹೊರತಂದ ಮಾರ್ಗಸೂಚಿಯು ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ. 45ನ್ನು ಮೀರಬಾರದು, ತಟ್ಟೆಯ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣುಗಳಿರಬೇಕು ಎನ್ನುತ್ತದೆ. ನಮ್ಮ ತಟ್ಟೆಯಲ್ಲಿ ಪಲ್ಲೆಗೆ ಸಿಗುತ್ತಿರುವುದು ಉಪ್ಪಿನಕಾಯಿಯ ಜಾಗ.

ಅತ್ತೆ ನಾಳೆಗೆಂದು ಪುಂಡಿಪಲ್ಲೆ ಬಿಡಿಸುತ್ತಾ ಕೂತಿದ್ದರು.

“ಉಂಡಿದ್ದನ್ನ ಹಿಂಗ ಬರದಿಟ್ರ ದೃಷ್ಟಿ ಆಗಂಗಿಲ್ಲೇನವ್ವಾ?”

“ನಿಮ್ಮ ಮಗನ ಸಲುವಾಗಿ ಬರಿಯಾಕತ್ತೀನಿ ಅತ್ತಿ. ಅಕ್ಕಿನೇ ಜಾಸ್ತಿ ಆಗೈತಿ ನೋಡ್ರಿ.”

ಅವರು ಕೈಯಲ್ಲಿದ್ದ ದಂಟನ್ನು ಪೂರ್ತಿ ಬಿಡಿಸಿದ ಮೇಲೆ ಮಾತಾಡಿದರು. “ನಮ್ಮವ್ವನ ಕಾಲಕ್ಕ ಅನ್ನ ಅಂದ್ರ ಹಬ್ಬ. ಕಾಲುವಿ ಬಂತು, ನೆಲ್ಲು ಬಂತು. ದಿನಾ ಅನ್ನ ಉಣ್ಣಾರ ಮನಿ ಅಂದ್ರ ಆಗ ದೊಡ್ಡ ಮರ್ಯಾದಿ.”

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು, ಎಡದಂಡೆ ಕಾಲುವೆಯ ನೀರು ಹೊಲಗಳನ್ನು ತಲುಪುತ್ತಾ ಹೋದಂತೆ ಜೋಳದ ಭೂಮಿ ಗದ್ದೆಯಾದ ಕಥೆ ನನಗೆ ಗೊತ್ತಿತ್ತು. ಅದು ನನ್ನ ಅಡುಗೆಮನೆಯ ಈ ಪುಟಗಳಲ್ಲೂ ಇದೆಯೆಂದು ಗೊತ್ತಿರಲಿಲ್ಲ.

ಪುಟ ತಿರುವುವಾಗ ಅತ್ತೆಯ ರಾತ್ರಿಯ ಸಾಲುಗಳು ಕಂಡವು. ಹನ್ನೆರಡೂ ದಿನ ಮಜ್ಜಿಗೆ-ಅನ್ನ. ನನ್ನ ಕೈಯಾರೆ ಬರೆದಿದ್ದೇನೆ, ಒಂದು ದಿನವೂ ಓದಿಲ್ಲ.

“ರೊಟ್ಟಿ ಮಾಡಿದ ದಿನಾನೂ ನೀವು ತಿಂದಿಲ್ಲಲ್ಲ ಅತ್ತಿ?”

“ದವಡಿ ಹಲ್ಲು ಎಲ್ಲದಾವು? ನುಚ್ಚು ಮಾಡು ಅಂದ್ರ ನಿನಗ ಇನ್ನೊಂದು ಅಡಿಗಿ ಆಗತಿತ್ತು.”

ಎದೆ ಹಿಂಡಿದಂತಾಯಿತು. ಇವರ ಸಕ್ಕರೆಯನ್ನು ಹುಡುಕುತ್ತಾ ಹೊರಟವಳು, ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುವ ಜೀವ ರಾತ್ರಿ ಪಲ್ಲೆಯ ಮುಖ ನೋಡುತ್ತಿಲ್ಲವೆಂಬುದನ್ನು ಗಮನಿಸಲಿಲ್ಲ. ನಾಳೆ ಗಿರಣಿಗೆ ಜೋಳ ಕಳಿಸಿ ನುಚ್ಚು ಒಡೆಸಬೇಕು. ಪುಂಡಿಪಲ್ಲೆಯನ್ನು ಬೇಳೆಯ ಜೊತೆ ಮೆತ್ತಗೆ ಬೇಯಿಸಿ ಮಸೆದರೆ ಅವರಿಗೂ ನಡೆಯುತ್ತದೆ. ಬೇರೆ ಅಡುಗೆಯೇಕೆ, ರಾತ್ರಿ ಎಲ್ಲರಿಗೂ ಅದನ್ನೇ ಬಡಿಸಿದರಾಯಿತು. ಐದು ಮಂದಿಗೆ ಎಷ್ಟು ನುಚ್ಚು ನೆನೆಹಾಕಬೇಕೆಂದು ಕೇಳಲು ಹೋದೆ, ಅತ್ತೆ ಆಗಲೇ ಮಲಗಿದ್ದರು. ಎರಡು ಪಾವು ಸಾಕಾಗಬಹುದೇನೋ, ಆದರೆ ಸಣ್ಣವನು ನುಚ್ಚು ಮುಟ್ಟುತ್ತಾನೋ ಇಲ್ಲವೋ, ಅವನಿಗೆ ಬೆಲ್ಲ ಹಾಲು ಹಾಕಿ