ಬಾಣ ಕೂರುವ ಜಾಗ

ನಾಮದ ಚಿಲುಮೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ತೋಟ ಇದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಂಡೆಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಅಂತಾರಲ್ಲ, ಆ ಜಾಗ. ಅಲ್ಲೇ ಹತ್ತಿರದಲ್ಲಿ ಬಿದಿರಿನ ಬಿಲ್ಲು ಹಿಡಿದು ಅಭ್ಯಾಸ ಮಾಡೋದು ನನಗೆ ತುಂಬಾ ಇಷ್ಟ.

ಹೋದ ಭಾನುವಾರ ತೆಂಗಿನ ನಾರು ತುಂಬಿದ ಗೋಣಿಚೀಲ ನಿಲ್ಲಿಸಿ ಇಪ್ಪತ್ತು ಹೆಜ್ಜೆ ದೂರದಿಂದ ಬಿಡುತ್ತಿದ್ದೆ. ಒಂದು ಬಾಣ ಚೀಲದ ಮೇಲಿಂದ ಹಾರಿಹೋಯಿತು, ಇನ್ನೊಂದು ಬುಡದಲ್ಲಿ ನೆಲ ಕಚ್ಚಿತು. ನಾನು ಗುರಿ ನೋಡಿದ್ದು ಮಾತ್ರ ಎರಡು ಸಲವೂ ಅದೇ ಜಾಗಕ್ಕೆ. ತೋರುಬೆರಳಿನ ಗೆಣ್ಣಿನ ಮೇಲೆ ಗರಿಯ ಕಡ್ಡಿ ಗೀರಿ ರಕ್ತ ಬಂದಿತ್ತು.

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಹೇಳಿದ, "ಮಾಮ, ನೀವು ಪ್ರತಿ ಸಲ ಬೇರೆ ಬೇರೆ ಕಡೆ ಹಿಡೀತಿದೀರಿ. ಬೆವರಿನ ಗುರುತು ನೋಡಿ." ನೋಡಿದರೆ ನಿಜ. ಬಿದಿರಿನ ಮೇಲೆ ಒದ್ದೆ ಪಟ್ಟೆ ನನ್ನ ಮುಷ್ಟಿಗಿಂತ ಒಂದು ಬೆರಳಿನಷ್ಟು ಜಾಸ್ತಿ ಅಗಲ ಹರಡಿತ್ತು.

ನನ್ನ ಬಿಲ್ಲಿನಲ್ಲಿ ಬಾಣಕ್ಕೆ ಬೇರೆ ಆಸರೆ ಇಲ್ಲ, ಗೆಣ್ಣೇ ಆಸರೆ. ಅಂದರೆ ಕೈ ಮೇಲೆ ಹೋದರೆ ಬಾಣದ ಮುಂದಿನ ಭಾಗವೂ ಮೇಲೆ ಹೋಗುತ್ತೆ, ಹೆದೆಯಲ್ಲಿ ಸಿಕ್ಕಿಸಿದ ಹಿಂಬದಿ ಅಲ್ಲೇ ಉಳಿದು ತಗ್ಗಾಗುತ್ತೆ, ಆಗ ಬಿಟ್ಟ ಬಾಣದ ಗರಿ ಕೈಗೆ ಬಡಿದು ಬಾಣ ನೆಗೆಯುತ್ತೆ. ಕೈ ಕೆಳಗಾದರೆ ಹಿಂಬದಿ ಎತ್ತರವಾಗಿ ಬಾಣ ಮೂತಿ ತಗ್ಗಿಸುತ್ತೆ. ಅಂಗೈ ಬುಡದಿಂದ ಒತ್ತುವುದೂ ಸಾಮಾನ್ಯವಾಗಿ ಬಾಣವನ್ನು ಮೇಲಕ್ಕೆ ಕಳಿಸುತ್ತೆ. ಕಣ್ಣಿನ ಗುರಿ ಎಷ್ಟೇ ಸರಿಯಿದ್ದರೂ ಇದೆಲ್ಲ ಅದನ್ನು ಕೆಡಿಸಿಬಿಡುತ್ತೆ ಅಲ್ವಾ!

ಮಧ್ಯಾಹ್ನ ಕೂತು ಸರಿಮಾಡಿದೆವು. ಹಿಡಿಯ ಮೇಲ್ತುದಿಗೆ ದಪ್ಪ ಹತ್ತಿ ದಾರ ಸುತ್ತಿದೆವು, ತೋರುಬೆರಳು ಯಾವಾಗಲೂ ಅದಕ್ಕೇ ತಾಗಬೇಕು ಅಂತ. ಅದರ ಮೇಲೆ ಹಳೇ ಚಪ್ಪಲಿಯ ತೊಗಲನ್ನು ಮಡಚಿ ಕಟ್ಟಿದೆವು, ಬಾಣ ಇನ್ನು ಅದರ ಮೇಲೆ. ಬಡಗಿಯ ಮೂಲೆಮಟ್ಟ ಹೆದೆಗೆ ಹಿಡಿದು, ತೊಗಲಿನ ನೇರಕ್ಕಿಂತ 12 ಮಿಲಿಮೀಟರ್ ಮೇಲೆ ಗಂಟು ಹಾಕಿದೆ. ಬಾಣದ ಹಿಂತುದಿಯಲ್ಲಿ ಹೆದೆ ಸಿಕ್ಕಿಸುವ ಕಚ್ಚು ಆ ಗಂಟಿನ ಕೆಳಗೆ ಕೂರುತ್ತೆ.

ಆಮೇಲೆ ಗರಿ ಇಲ್ಲದ ಬಾಣ ಬಿಟ್ಟು ನೋಡಿದೆ. ತಪ್ಪನ್ನು ಮುಚ್ಚಲು ಅದಕ್ಕೆ ಗರಿ ಇರಲ್ಲ. ಅದು ಉಳಿದ ಬಾಣಗಳಿಗಿಂತ ಕೆಳಗೆ ನಾಟಿತು, ಅಂದರೆ ಗಂಟು ಜಾಸ್ತಿ ಮೇಲಿದೆ. ಎರಡು ಮಿಲಿಮೀಟರ್ ಇಳಿಸಿದೆ. ಇನ್ನೊಮ್ಮೆ ಬಿಟ್ಟೆ. ಈ ಸಲ ಗರಿಯಿದ್ದ ಬಾಣಗಳ ಪಕ್ಕದಲ್ಲೇ ನಾಟಿತು.

ಸಂಜೆ ಆರು ಬಾಣದಲ್ಲಿ ಐದು ಒಂದು ಅಂಗೈ ಅಗಲದೊಳಗೆ ಕೂತವು. ಆರನೆಯದು ಎಡಕ್ಕೆ ಹೋಯಿತು. ಹಿಡಿಯನ್ನು ಬಿಗಿಯಾಗಿ ಹಿಚುಕಿದ್ದೆ, ಬಿಲ್ಲು ಕೈಯಲ್ಲಿ ತಿರುಗಿದ್ದು ಬಾಣ ಬಿಟ್ಟ ಕ್ಷಣವೇ ಗೊತ್ತಾಯಿತು.